ಮನೆಯಲ್ಲೇ ಗಿಟಾರ್ ಕಲಿಕೆ: ಆ್ಯಪ್‌ಗೆ ಕಿವಿ ಇದೆ, ಕಣ್ಣಿಲ್ಲ

ಗಿಟಾರ್ ಕಲಿಯುವ ಆಸೆ ಇದ್ದವರಿಗೆ ಈಗ ಪಾಠ ಮೊಬೈಲ್‌ನಲ್ಲೇ ಸಿಗುತ್ತದೆ. ಆ್ಯಪ್ ತೆರೆದು ನುಡಿಸಿದರೆ ಸಾಕು. ಅದು ಫೋನಿನ ಮೈಕ್‌ನಲ್ಲಿ ಕೇಳಿಸಿಕೊಂಡು ಸರಿಯೋ ತಪ್ಪೋ ಅಲ್ಲೇ ಹೇಳಿಬಿಡುತ್ತದೆ. ಸಂಜೆ ಕೆಲಸ ಮುಗಿಸಿ ಬಂದವರಿಗೆ, ಹತ್ತಿರದಲ್ಲಿ ಮೇಷ್ಟ್ರು ಸಿಗದ ಊರಿನವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಆ್ಯಪ್ ನಿಮ್ಮ ಸ್ವರವನ್ನು, ತಾಳವನ್ನು ಕೇಳುತ್ತದೆ. ನಿಮ್ಮ ಮಣಿಕಟ್ಟು ಸೊಟ್ಟಗಿದೆಯಾ, ಬೆರಳು ಪಕ್ಕದ ತಂತಿಗೆ ತಾಗುತ್ತಿದೆಯಾ ಎಂಬುದು ಅದಕ್ಕೆ ಕಾಣುವುದಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ನಿಮ್ಮದೇ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಗಿಟಾರ್ ಕೊಳ್ಳುವಾಗ

ಕಲಿಕೆಗೆ ಅಕೂಸ್ಟಿಕ್ ಗಿಟಾರ್ ಸಾಕು. ಸ್ಟೀಲ್ ತಂತಿಯದಾದರೆ ನಾದ ಗಟ್ಟಿ, ಬೆರಳಿಗೆ ನೋವು ಸ್ವಲ್ಪ ಜಾಸ್ತಿ. ನೈಲಾನ್ ತಂತಿ ಬೆರಳಿಗೆ ಮೆದು, ಆದರೆ ಅಂಥ ಗಿಟಾರ್‌ನ ಕತ್ತು (ಎಡಗೈ ಹಿಡಿಯುವ ಉದ್ದ ಭಾಗ) ಅಗಲ. ಚಿಕ್ಕ ಮಕ್ಕಳಿಗೆ ಮುಕ್ಕಾಲು ಸೈಜಿನ ಗಿಟಾರ್ ಸಿಗುತ್ತದೆ.

ಅಂಗಡಿಗೆ ಹೋಗುವ ಮೊದಲು ಫೋನಿಗೆ ಒಂದು ಟ್ಯೂನರ್ ಆ್ಯಪ್, ಅಂದರೆ ತಂತಿಯ ಶ್ರುತಿ ತೋರಿಸುವ ಆ್ಯಪ್, ಹಾಕಿಕೊಳ್ಳಿ. ಗಿಟಾರ್‌ಟ್ಯೂನಾ ಉಚಿತವಾಗಿ ಸಿಗುತ್ತದೆ. ಅಂಗಡಿಯವರ ಹತ್ತಿರ ಶ್ರುತಿ ಮಾಡಿಸಿ. ಆಮೇಲೆ ತೆಳು ತಂತಿಯನ್ನು ಖಾಲಿ ಮೀಟಿ ಟ್ಯೂನರ್ ನೋಡಿ. ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿ ಮತ್ತೆ ಮೀಟಿ (ಫ್ರೆಟ್ ಅಂದರೆ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಕಂಬಿ). ಎರಡೂ ಸಲ ಅದೇ ಸ್ವರ ಬರಬೇಕು, ಎರಡನೆಯದು ಒಂದು ಸ್ಥಾಯಿ ಮೇಲೆ. ಮುಳ್ಳು ತುಂಬಾ ಆಚೀಚೆ ಹೋದರೆ ಆ ಗಿಟಾರ್ ಎಷ್ಟೇ ಚೆಂದ ಕಂಡರೂ ಬೇಡ. ಅದರಲ್ಲಿ ನೀವು ಸರಿಯಾಗಿ ನುಡಿಸಿದರೂ ಅಪಸ್ವರವೇ ಬರುತ್ತದೆ, ಆ್ಯಪ್ ಕೂಡ ತಪ್ಪು ಅನ್ನುತ್ತದೆ. ಹಾಗೆಯೇ 12ನೇ ಫ್ರೆಟ್ ಹತ್ತಿರ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಒತ್ತುವುದೇ ಕಷ್ಟ. ಕಲಿಯಲು ಶುರು ಮಾಡಿ ಬಿಟ್ಟವರಲ್ಲಿ ಎಷ್ಟೋ ಜನ ಸೋತದ್ದು ಇಂಥ ಗಿಟಾರ್‌ಗೇ ಎಂದು ನನಗನ್ನಿಸುತ್ತದೆ, ಅವರ ಬೆರಳಿಗಲ್ಲ.

ಯಾವ ಪಾಠ, ಯಾವ ಆ್ಯಪ್?

ಎರಡು ಬಗೆ ಇವೆ. ಒಂದು, ನೀವು ನುಡಿಸುವುದನ್ನು ಕೇಳಿ ಅಂಕ ಕೊಡುವಂಥದ್ದು. ಫಿನ್‌ಲೆಂಡ್‌ನ ಯೂಸಿಷಿಯನ್ ಇದಕ್ಕೆ ಹೆಸರುವಾಸಿ. ಕಂಪ್ಯೂಟರ್ ಗೇಮ್‌ನ ರೂಪದಲ್ಲೇ ಕಲಿಸುವ ಯೂಬಿಸಾಫ್ಟ್ ಕಂಪನಿಯ ರಾಕ್‌ಸ್ಮಿತ್ 2011ರಲ್ಲಿ ಬಂತು. ಇನ್ನೊಂದು ಬಗೆ ವಿಡಿಯೊ ಪಾಠ. ಆಸ್ಟ್ರೇಲಿಯಾ ಮೂಲದ ಜಸ್ಟಿನ್ ಸ್ಯಾಂಡರ್ಕೋ 2003ರಿಂದ ತಮ್ಮ ಜಸ್ಟಿನ್ ಗಿಟಾರ್ ತಾಣದಲ್ಲಿ ಉಚಿತ ಪಾಠ ಹಾಕುತ್ತಾ ಬಂದಿದ್ದಾರೆ. ಪಾಠಗಳು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿವೆ. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಯೂಟ್ಯೂಬ್‌ನಲ್ಲಿ ಕನ್ನಡದ ಪಾಠಗಳೂ ಇವೆ.

ನನ್ನ ಸಲಹೆ: ಮೊದಲ ತಿಂಗಳು ವಿಡಿಯೊ ಪಾಠ, ಟ್ಯೂನರ್, ಮೆಟ್ರೊನೋಮ್ (ಟಿಕ್ ಟಿಕ್ ಎಂದು ತಾಳ ಹಾಕುವ ಆ್ಯಪ್) ಇಷ್ಟೇ ಇರಲಿ. ಮೂರೂ ಉಚಿತ. ವಿಡಿಯೊದಲ್ಲಿ ಮೇಷ್ಟ್ರ ಕೈ ಕಾಣುತ್ತದೆ, ಅದನ್ನು ನೋಡಿ ನಿಮ್ಮ ಕೈ ತಿದ್ದಿಕೊಳ್ಳಬಹುದು. ನಾಲ್ಕೈದು ಕಾರ್ಡ್ (ಹಲವು ತಂತಿ ಒಟ್ಟಿಗೆ ಮೀಟಿ ನುಡಿಸುವ ಸ್ವರಗಳ ಗುಂಪು) ಸ್ವಚ್ಛವಾಗಿ ಬರತೊಡಗಿದ ಮೇಲೆ ಅಂಕ ಕೊಡುವ ಆ್ಯಪ್ ಸೇರಿಸಿಕೊಳ್ಳಿ. ಆಗ ತಾಳ ಗಟ್ಟಿ ಮಾಡಿಕೊಳ್ಳಲು ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಮೊದಲ ದಿನವೇ ಅಂಕದ ಹಿಂದೆ ಬಿದ್ದರೆ ಕೈ ಹೇಗೋ ಬಾಗಿ, ಹೇಗೋ ಒತ್ತಿ ಅಂಕ ಗಿಟ್ಟಿಸುವ ಅಭ್ಯಾಸ ಆಗಿಬಿಡುತ್ತದೆ.

ದುಡ್ಡು ಕೊಡುವ ಮೊದಲು ಉಚಿತ ಅವಧಿಯಲ್ಲಿ ನೋಡಿ. ಟ್ರಯಲ್ ಮುಗಿದ ಕೂಡಲೇ ಇಡೀ ವರ್ಷದ ಹಣ ತಾನಾಗಿ ಕಡಿತವಾಗುವ ಏರ್ಪಾಡು ಸಾಮಾನ್ಯ. ಬೇಡ ಅನಿಸಿದರೆ ಆ್ಯಪ್ ಅಳಿಸಿದರಷ್ಟೇ ಸಾಲದು. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ವಿಭಾಗಕ್ಕೆ ಹೋಗಿ ರದ್ದು ಮಾಡಬೇಕು.

ಫೋನ್ ಎಲ್ಲಿಡಬೇಕು?

ಸಣ್ಣ ವಿಷಯ ಅನ್ನಿಸಬಹುದು, ಆದರೆ ಆ್ಯಪ್ ಸರಿ ಇಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ. ಫೋನನ್ನು ಸ್ಟ್ಯಾಂಡ್‌ಗೆ ಹಾಕಿ ಒಂದೆರಡು ಅಡಿ ದೂರದಲ್ಲಿ, ಕಣ್ಣಿನ ಎತ್ತರಕ್ಕೆ ಇಡಿ. ಹಾಸಿಗೆ ಮೇಲೆ ಇಟ್ಟರೆ ನಿಮ್ಮ ಕತ್ತು ಬಗ್ಗುತ್ತದೆ, ಮೈಕ್ ಕೂಡ ಮುಚ್ಚಿಹೋಗಬಹುದು. ಫ್ಯಾನ್ ಜೋರಾಗಿದ್ದರೆ ಕಡಿಮೆ ಮಾಡಿ. ಅಡುಗೆಮನೆಯಲ್ಲಿ ಮಿಕ್ಸಿ ಓಡುವ ಹೊತ್ತಲ್ಲಿ ಬಾಗಿಲು ಹಾಕಿಕೊಳ್ಳಿ.

ಹಿನ್ನೆಲೆ ಸಂಗೀತ ಸ್ಪೀಕರ್‌ನಲ್ಲಿ ಬಂದರೆ ಅದೂ ಮೈಕ್‌ಗೆ ಹೋಗಿ ಆ್ಯಪ್‌ಗೆ ಗೊಂದಲ ಆಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ, ಆದರೆ ವೈರ್ ಇರುವುದನ್ನೇ ಹಾಕಿ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವುದು ತಡ. ಆ ತಡ ಸೆಕೆಂಡಿನ ಐದನೇ ಒಂದು ಭಾಗ ಇದ್ದರೂ ಸಾಕು, ಲೆಕ್ಕ ತಪ್ಪುತ್ತದೆ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಅರ್ಧ ಪೆಟ್ಟು ಅಂದರೆ ಕಾಲು ಸೆಕೆಂಡ್. ಅಂದರೆ ನೀವು ತಾಳಕ್ಕೆ ಸರಿಯಾಗಿ ಮೀಟಿದ್ದೇವೆ ಅಂದುಕೊಂಡಾಗಲೂ ಆ್ಯಪ್ ಲೆಕ್ಕದಲ್ಲಿ ಸುಮಾರು ಅರ್ಧ ಪೆಟ್ಟು ಹಿಂದೆ ಬಿದ್ದಿರುತ್ತೀರಿ. ಇನ್ನೊಂದು ಮಾತು. ಮೈಕ್ ಇರುವ ವೈರ್ ಇಯರ್‌ಫೋನ್ ಹಾಕಿದರೆ ಫೋನ್ ಸಾಮಾನ್ಯವಾಗಿ ಆ ಮೈಕ್‌ನಲ್ಲೇ ಕೇಳುತ್ತದೆ. ಅದು ಅಂಗಿಯೊಳಗೆ ಸಿಕ್ಕಿಕೊಂಡಿದ್ದರೆ ಗಿಟಾರ್ ಸದ್ದು ಮಂಕಾಗುತ್ತದೆ. ಮುಂದಕ್ಕೆ ತೂಗುವಂತೆ ಬಿಡಿ.

ಮೊದಲು ಶ್ರುತಿ

ದಪ್ಪ ತಂತಿಯಿಂದ ತೆಳುವಿನ ಕಡೆಗೆ ಸ್ವರಗಳು ಇ, ಎ, ಡಿ, ಜಿ, ಬಿ, ಇ. ಎಣಿಕೆ ಮಾತ್ರ ಉಲ್ಟಾ. ತೆಳು ತಂತಿ 1, ದಪ್ಪ ತಂತಿ 6. ಯಾವ ತಂತಿ, ಯಾವ ಫ್ರೆಟ್ ಎಂದು ತೋರಿಸುವ ಟ್ಯಾಬ್ ಎಂಬ ಬರಹದಲ್ಲಿ ಆರು ಗೆರೆ ಇರುತ್ತವೆ, ಮೇಲಿನ ಗೆರೆ ತೆಳು ತಂತಿಯದು. ಗಿಟಾರ್ ತೊಡೆ ಮೇಲಿಟ್ಟು ಬಗ್ಗಿ ನೋಡಿದರೆ ಮುಖಕ್ಕೆ ಹತ್ತಿರ ಕಾಣುವುದು ದಪ್ಪ ತಂತಿ. ಹೀಗಾಗಿ ಮೊದಲ ವಾರ ಎಲ್ಲರೂ ಗಲಿಬಿಲಿ ಆಗುತ್ತಾರೆ. ಆಮೇಲೆ ಸರಿಹೋಗುತ್ತದೆ.

ಟ್ಯೂನರ್ ತೆರೆದು ಒಂದು ತಂತಿ ಮೀಟಿ. ಅದು ಯಾವ ಬಿರಡೆಗೆ ಹೋಗುತ್ತದೆ ಎಂದು ಕಣ್ಣಲ್ಲಿ ಹಿಂಬಾಲಿಸಿ ನೋಡಿ, ಆಮೇಲೆ ತಿರುಗಿಸಿ. ಬೇರೆ ಬಿರಡೆ ತಿರುಗಿಸುತ್ತಾ ಮುಳ್ಳು ಯಾಕೆ ಅಲ್ಲಾಡುತ್ತಿಲ್ಲ ಎಂದು ಬಿಗಿ ಮಾಡುತ್ತಾ ಹೋದರೆ ತಂತಿ ಕಡಿಯುತ್ತದೆ. ಸ್ವರ ಮೇಲಕ್ಕೆ ಹೋಗಿಬಿಟ್ಟರೆ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗಿಳಿಸಿ ಮತ್ತೆ ಕೆಳಗಿನಿಂದ ಮೇಲಕ್ಕೆ ತನ್ನಿ. ಹಾಗೆ ಮಾಡಿದರೆ ಶ್ರುತಿ ನಿಲ್ಲುತ್ತದೆ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ದಿನಾ ಕೂತ ಕೂಡಲೇ ಶ್ರುತಿ ನೋಡಿ, ಆಮೇಲೇ ಪಾಠ.

ಕೂರುವುದು, ಒತ್ತುವುದು

ಕೈ ಇಲ್ಲದ ಕುರ್ಚಿಯಲ್ಲಿ ನೆಟ್ಟಗೆ ಕೂರಿ. ಎಡಗೈ ಉಗುರು ಚಿಕ್ಕದಾಗಿ ಕತ್ತರಿಸಿ. ಬೆರಳ ತುದಿಯಿಂದ, ಫ್ರೆಟ್ ಕಂಬಿಯ ಹಿಂದೆ, ಅದಕ್ಕೆ ತಾಗುವಷ್ಟು ಹತ್ತಿರ ಒತ್ತಿ. ಕಂಬಿಯಿಂದ ದೂರ ಹೋದಷ್ಟೂ ಜಾಸ್ತಿ ಬಲ ಬೇಕು, ಸದ್ದೂ ಗರಗರ ಅನ್ನುತ್ತದೆ. ಫೋನಿನ ಮುಂದಿನ ಕ್ಯಾಮೆರಾ ತೆರೆದು ಒಂದು ನಿಮಿಷ ನಿಮ್ಮ ಕೈಯನ್ನೇ ರೆಕಾರ್ಡ್ ಮಾಡಿ ನೋಡಿ. ವಿಡಿಯೊದ ಮೇಷ್ಟ್ರ ಕೈ ಜೊತೆ ಹೋಲಿಸಿ. ಆ್ಯಪ್‌ಗೆ ಇಲ್ಲದ ಕಣ್ಣನ್ನು ನೀವು ಹೀಗೆ ಕೊಡಬಹುದು.

ಬೆರಳ ತುದಿ ಕೆಲವು ವಾರ ನೋಯುತ್ತದೆ, ಅದು ಸಹಜ, ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ಅಥವಾ ಮೊಣಕೈ ನೋಯುವುದು ಸಹಜವಲ್ಲ. ಅವತ್ತು ನಿಲ್ಲಿಸಿ, ಕೂರುವ ರೀತಿ ಬದಲಿಸಿ.

ಒಂದೇ ತಂತಿಯಲ್ಲಿ ಸರಿಗಮ

ಕಾರ್ಡ್‌ಗೆ ಹಾರುವ ಮೊದಲು ಒಂದು ವಾರ ಇದನ್ನು ಮಾಡಿ. ಯಾವುದಾದರೂ ಒಂದು ತಂತಿಯನ್ನು ಖಾಲಿ ಮೀಟಿದರೆ ಅದು ಸ. ಆಮೇಲೆ 2, 4, 5, 7, 9, 11, 12ನೇ ಫ್ರೆಟ್ ಒತ್ತುತ್ತಾ ಹೋಗಿ. ಇದು ಶಂಕರಾಭರಣ. ಪಾಶ್ಚಾತ್ಯರ ಮೇಜರ್ ಸ್ಕೇಲ್ ಕೂಡ ಇದೇ. ಸಂಗೀತ ಪಾಠಕ್ಕೆ ಹೋದವರಿಗೆ ಸರಳೆ ವರಸೆ ಬಾಯಲ್ಲೇ ಇರುತ್ತದೆ, ಅಲ್ವಾ? ಅದು ಮಾಯಾಮಾಳವಗೌಳ. ಫ್ರೆಟ್‌ಗಳು 1, 4, 5, 7, 8, 11, 12. ಬಾಯಲ್ಲಿ ಹಾಡುತ್ತಾ ನುಡಿಸಿ. ಕಿವಿ, ಬಾಯಿ, ಬೆರಳು ಮೂರೂ ಒಟ್ಟಿಗೆ ಕಲಿಯುತ್ತವೆ. ಗಮಕ ಹಾಕಿ ತಂತಿ ಎಳೆದರೆ ಟ್ಯೂನರ್‌ನ ಮುಳ್ಳು ಓಡಾಡುತ್ತದೆ, ಅಂಕ ಕೊಡುವ ಆ್ಯಪ್ ತಪ್ಪು ಎನ್ನಬಹುದು. ಅದಕ್ಕೆ ಗೊತ್ತಿರುವುದು ನಿಂತ ಸ್ವರ ಮಾತ್ರ. ಬೇಸರ ಮಾಡಿಕೊಳ್ಳಬೇಡಿ.

ಮೊದಲ ಕಾರ್ಡ್: ಇ ಮೈನರ್

ಎರಡೇ ಬೆರಳು ಸಾಕು. 5ನೇ ತಂತಿ 2ನೇ ಫ್ರೆಟ್‌ನಲ್ಲಿ ನಡುಬೆರಳು, 4ನೇ ತಂತಿ 2ನೇ ಫ್ರೆಟ್‌ನಲ್ಲಿ ಉಂಗುರ ಬೆರಳು. ಉಳಿದ ನಾಲ್ಕು ತಂತಿ ಖಾಲಿ. ಆರನ್ನೂ ಒಟ್ಟಿಗೆ ಮೀಟಿ.

ಈಗ ಆ್ಯಪ್ ಎಲ್ಲಿ ಮೋಸ ಹೋಗುತ್ತದೆ ನೋಡಿ. ಆರು ತಂತಿಗಳಲ್ಲಿ ಬರುವ ಸ್ವರ ಮೂರೇ: ಇ ಮೂರು ಸಲ, ಬಿ ಎರಡು ಸಲ, ಜಿ ಒಂದೇ ಸಲ. ನಿಮ್ಮ ಬೆರಳು ಪಕ್ಕದ ತಂತಿಗೆ ತಾಗಿ ಒಂದು ಇ ಅಥವಾ ಒಂದು ಬಿ ಸತ್ತುಹೋದರೂ ಅದೇ ಸ್ವರ ಬೇರೆ ತಂತಿಯಲ್ಲಿ ಇದೆ. ಆ್ಯಪ್ ಸರಿ ಎಂದು ಅಂಕ ಕೊಡಬಹುದು. ಉಂಗುರ ಬೆರಳು ಸ್ವಲ್ಪ ಮಲಗಿದರೆ ಸಾಯುವುದು ಅದರ ಕೆಳಗಿನ 3ನೇ ತಂತಿ, ಅಂದರೆ ಆ ಒಂದೇ ಒಂದು ಜಿ. ಕಾರ್ಡ್‌ಗೆ ಮೈನರ್ ಎಂಬ ಆ ವಿಷಾದದ ಬಣ್ಣ ಕೊಡುವುದೇ ಅದು. ಅದು ಹೋದರೆ ಉಳಿಯುವುದು ಮೇಜರ್ರೂ ಅಲ್ಲದ, ಮೈನರ್ರೂ ಅಲ್ಲದ ಸಪ್ಪೆ ನಾದ.

ಅದಕ್ಕೇ ಪ್ರತಿ ಹೊಸ ಕಾರ್ಡ್ ಹಿಡಿದಾಗ ಆರರಿಂದ ಒಂದರವರೆಗೆ ತಂತಿಗಳನ್ನು ಒಂದೊಂದಾಗಿ, ನಿಧಾನಕ್ಕೆ ಮೀಟಿ. ಟಪ್ ಎಂದು ಮಂಕಾಗಿ ಕೇಳಿಸಿದ ತಂತಿ ಎಲ್ಲಿದೆಯೋ ಅಲ್ಲಿ ನಿಲ್ಲಿ. ಬೆರಳನ್ನು ಇನ್ನಷ್ಟು ಕಮಾನು ಮಾಡಿ, ಹೆಬ್ಬೆರಳನ್ನು ಕತ್ತಿನ ಹಿಂದೆ ಸ್ವಲ್ಪ ಕೆಳಗಿಳಿಸಿ, ಮತ್ತೆ ಮೀಟಿ. ದಿನಕ್ಕೆ ಎರಡು ನಿಮಿಷದ ಈ ಕೆಲಸವನ್ನು ಯಾವ ಆ್ಯಪ್ಪೂ ನಿಮ್ಮಿಂದ ಮಾಡಿಸುವುದಿಲ್ಲ.

ಕಾರ್ಡ್ ಬದಲಾಯಿಸುವುದು

ಕಾರ್ಡ್ ಹಿಡಿಯುವುದು ಸುಲಭ, ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಕಷ್ಟ. ಎ ಮೈನರ್ ಹಿಡಿಯಿರಿ: ತೋರುಬೆರಳು 2ನೇ ತಂತಿಯ 1ನೇ ಫ್ರೆಟ್, ನಡುಬೆರಳು 4ನೇ ತಂತಿಯ 2ನೇ ಫ್ರೆಟ್, ಉಂಗುರ ಬೆರಳು 3ನೇ ತಂತಿಯ 2ನೇ ಫ್ರೆಟ್. ಈಗ ಉಂಗುರ ಬೆರಳನ್ನು ಮಾತ್ರ ಎತ್ತಿ 5ನೇ ತಂತಿಯ 3ನೇ ಫ್ರೆಟ್‌ಗೆ ಇಡಿ. ಸಿ ಮೇಜರ್ ಬಂತು. ಉಳಿದ ಎರಡು ಬೆರಳು ಅಲ್ಲಾಡಲೇ ಇಲ್ಲ. ಹೊಸಬರು ಎಲ್ಲ ಬೆರಳನ್ನೂ ಕಿತ್ತು ಮತ್ತೆ ಇಡುತ್ತಾರೆ, ಅಲ್ಲೇ ಸಮಯ ಹೋಗುತ್ತದೆ. ಯಾವ ಬೆರಳು ಅಲ್ಲೇ ಉಳಿಯಬಹುದು ಎಂದು ಮೊದಲು ಹುಡುಕಿ.

ಜಸ್ಟಿನ್ ಹೇಳಿಕೊಡುವ ಒಂದು ಅಭ್ಯಾಸ ತುಂಬಾ ಚೆನ್ನಾಗಿದೆ. ಒಂದು ನಿಮಿಷ ಟೈಮರ್ ಇಟ್ಟು, ಎರಡು ಕಾರ್ಡ್ ನಡುವೆ ಎಷ್ಟು ಸಲ ಬದಲಾಯಿಸಿದಿರಿ ಎಂದು ಎಣಿಸಿ, ಬರೆದಿಡಿ. 60 ಮುಟ್ಟುವುದು ಗುರಿ. ಶುರುವಿನಲ್ಲಿ ಹತ್ತು ಹದಿನೈದು ಬಂದರೂ ಸಾಕು.

ಬಲಗೈಗೆ ಒಂದೇ ನಿಯಮ. ಗಡಿಯಾರದ ಲೋಲಕದ ಹಾಗೆ ಕೆಳಗೆ ಮೇಲೆ ಆಡುತ್ತಲೇ ಇರಬೇಕು, ತಂತಿಗೆ ತಾಗದ ಪೆಟ್ಟಿನಲ್ಲೂ. ಕಾರ್ಡ್ ಸಿಗದಿದ್ದರೂ ಬಲಗೈ ನಿಲ್ಲಬಾರದು. ಮೆಟ್ರೊನೋಮ್ 60ಕ್ಕೆ ಇಟ್ಟು ಶುರು ಮಾಡಿ. ಮೂರು ಸಲ ತಪ್ಪಿಲ್ಲದೆ ಬಂದ ಮೇಲೆ 5 ಏರಿಸಿ. ಆ್ಯಪ್‌ನಲ್ಲೂ ಹಾಡಿನ ವೇಗ ಇಳಿಸುವ ಆಯ್ಕೆ ಇದ್ದರೆ ಸಂಕೋಚ ಇಲ್ಲದೆ ಬಳಸಿ.

ಕನ್ನಡ ಹಾಡು ನುಡಿಸಬೇಕಾದರೆ

ಈ ಆ್ಯಪ್‌ಗಳ ಹಾಡುಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನವು. ಭಾವಗೀತೆ, ಸಿನಿಮಾ ಹಾಡು ಬೇಕಾದರೆ ನೆದರ್‌ಲೆಂಡ್ಸ್‌ನ ಕಾರ್ಡಿಫೈ ಥರದ ತಂತ್ರಾಂಶ ಬಳಸಬಹುದು. ಅದು ಹಾಡನ್ನು ಕೇಳಿ ಕಾರ್ಡ್‌ಗಳನ್ನು ತಾನೇ ಗುರುತಿಸುತ್ತದೆ. ಅಲ್ಲಲ್ಲಿ ತಪ್ಪುತ್ತದೆ, ಹಾಗಾಗಿ ನಿಮ್ಮ ಕಿವಿಗೆ ಒಪ್ಪಿದ್ದನ್ನು ಮಾತ್ರ ಇಟ್ಟುಕೊಳ್ಳಿ. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೂ ಶ್ರುತಿ ಬದಲಾಗುವುದಿಲ್ಲ, ಜೊತೆಗೆ ನುಡಿಸಬಹುದು. ಹಾಡಿನ ಶ್ರುತಿ ನಿಮಗೆ ಗೊತ್ತಿರುವ ಕಾರ್ಡ್‌ಗಳಿಗೆ ಹೊಂದದಿದ್ದರೆ ಕೇಪೋ (ಕತ್ತಿಗೆ ಅಡ್ಡಲಾಗಿ ಸಿಕ್ಕಿಸಿ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ. ಒಂದೊಂದು ಫ್ರೆಟ್ ಮೇಲೆ ಹೋದಂತೆ ಅರ್ಧ ಸ್ವರ ಏರುತ್ತದೆ. 2ನೇ ಫ್ರೆಟ್‌ನಲ್ಲಿ ಕೇಪೋ ಹಾಕಿ ಜಿ ಹಿಡಿದರೆ ಕೇಳಿಸುವುದು ಎ. ಜಿ, ಸಿ, ಡಿ, ಇ ಮೈನರ್ ಈ ನಾಲ್ಕು ಬಂದರೆ ಎಷ್ಟೋ ಸರಳ ಹಾಡು ನುಡಿಸಬಹುದು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ಮೂರು ಗಂಟೆ ಕೂತರೆ ಬೆರಳು ನೋಯುತ್ತದೆ ಅಷ್ಟೇ. ಗಿಟಾರ್ ಕಣ್ಣಿಗೆ ಬೀಳುವ ಜಾಗದಲ್ಲಿರಲಿ, ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತೇವಕ್ಕೆ ಮರ ಉಬ್ಬಿದರೆ ತಂತಿ ಎತ್ತರ ಏರುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿ ಒರೆಸಿ, ತುಕ್ಕು ಬೇಗ ಹಿಡಿಯುವುದಿಲ್ಲ.

ಎರಡು ಮೂರು ತಿಂಗಳಲ್ಲಿ ಎಫ್ ಕಾರ್ಡ್ ಎದುರಾಗುತ್ತದೆ. ತೋರುಬೆರಳು ಆರೂ ತಂತಿಯ ಮೇಲೆ ಮಲಗಬೇಕು. ಇಲ್ಲಿ ಆ್ಯಪ್ ತಪ್ಪು ತಪ್ಪು ಎನ್ನುತ್ತಲೇ ಇರುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಗಿಟಾರ್ ಗೊತ್ತಿರುವ ಯಾರಿಗಾದರೂ ಒಂದೆರಡು ಸಲ ಕೈ ತೋರಿಸಿ, ಹತ್ತು ನಿಮಿಷದಲ್ಲಿ ತಪ್ಪು ಸಿಗುತ್ತದೆ. ಅಲ್ಲಿಯವರೆಗೆ ಹಾಡು ನಿಲ್ಲಿಸಬೇಕಿಲ್ಲ. ಎಫ್ ಬದಲು ಎಫ್ ಮೇಜರ್ ಸೆವೆನ್ ಹಿಡಿಯಿರಿ: 4ನೇ ತಂತಿಯ 3ನೇ ಫ್ರೆಟ್, 3ನೇ ತಂತಿಯ 2ನೇ ಫ್ರೆಟ್, 2ನೇ ತಂತಿಯ 1ನೇ ಫ್ರೆಟ್, 1ನೇ ತಂತಿ ಖಾಲಿ. ದಪ್ಪ ತಂತಿ ಎರಡನ್ನೂ ಮೀಟಬೇಡಿ.