ಇಂಗ್ಲೆಂಡಿನ ಪ್ರೈಮರಿ ಶಾಲೆ: ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ

ಇಂಗ್ಲೆಂಡಿಗೆ ಬಂದು ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ನಮ್ಮವರು ತಪ್ಪದೆ ಕೇಳುವ ಮಾತು ಒಂದಿದೆ: "ಇಲ್ಲಿ ಏನೂ ಕಲಿಸಲ್ವಾ?" ಬ್ಯಾಗಿನಲ್ಲಿ ಪಠ್ಯಪುಸ್ತಕ ಇರುವುದಿಲ್ಲ, ಹೋಂವರ್ಕ್ ಕಡಿಮೆ, ರ‍್ಯಾಂಕ್ ಇಲ್ಲವೇ ಇಲ್ಲ. ಗಾಬರಿಯಾಗಬೇಡಿ. ಚೆನ್ನಾಗಿಯೇ ಕಲಿಸುತ್ತಾರೆ, ಆದರೆ ಕಲಿಸುವ ಕ್ರಮ ಬೇರೆ. ಅದನ್ನು ತಿಳಿದುಕೊಂಡರೆ ಮನೆಯಲ್ಲಿ ಹೇಳಿಕೊಡುವುದು ಸುಲಭ.

ಇಲ್ಲಿ ಕ್ಲಾಸು ನಿರ್ಧಾರವಾಗುವುದು ವಯಸ್ಸಿನ ಮೇಲೆ. ಆಗಸ್ಟ್ 31ರೊಳಗೆ 4 ತುಂಬಿದರೆ ಸೆಪ್ಟೆಂಬರಿನಲ್ಲಿ ರಿಸೆಪ್ಷನ್ (ಶಾಲೆಯ ಮೊದಲ ಕ್ಲಾಸು), 5 ತುಂಬಿದರೆ ಇಯರ್ ಒನ್, 6 ತುಂಬಿದರೆ ಇಯರ್ ಟೂ. ಊರಲ್ಲಿ ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದ ಮಗು ಇಲ್ಲಿ ಇಯರ್ ಟೂನಲ್ಲಿ ಕೂರಬಹುದು.

ರಿಸೆಪ್ಷನ್‌ನಲ್ಲಿ ಆಟವೇ ಜಾಸ್ತಿ. ಮರಳು, ನೀರು, ಬಣ್ಣ. ಜೊತೆಗೆ ಮಾತಾಡುವುದು, ಸರದಿಗೆ ಕಾಯುವುದು, ಕೋಟಿನ ಜಿಪ್ ತಾನೇ ಹಾಕಿಕೊಳ್ಳುವುದು. ಇವೆಲ್ಲ ಪಾಠವೇ.

ಓದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಮೊದಲು ಎ, ಬಿ, ಸಿ ಹೆಸರುಗಳನ್ನಲ್ಲ, ಅವುಗಳ ಶಬ್ದಗಳನ್ನು ಕಲಿಸುತ್ತಾರೆ. ಅದೇ ಫೋನಿಕ್ಸ್. ಸ್, ಆ್ಯ, ಟ್ ಎಂದು ಬಿಡಿಯಾಗಿ ಹೇಳಿ, ಕೂಡಿಸಿ "ಸ್ಯಾಟ್" ಎಂದು ಓದುತ್ತಾರೆ. ಇಲ್ಲಿ ನಮಗೊಂದು ಅಡ್ಡಿ ಇದೆ. ಕ, ಟ, ಸ ಎಂದು ಕೊನೆಗೆ ಅಕಾರ ಸೇರಿಸಿಯೇ ನಮಗೆ ರೂಢಿ. ಹಾಗೆ ಹೇಳಿಕೊಟ್ಟರೆ ಮಗುವಿಗೆ ಕೂಡಿಸಲು ಬರುವುದಿಲ್ಲ. ಕ್, ಟ್, ಸ್ ಎಂದು ಚಿಕ್ಕದಾಗಿ ನಿಲ್ಲಿಸಿ. ಇಯರ್ ಒನ್‌ನ ಜೂನ್‌ನಲ್ಲಿ ಇದರ ಪರೀಕ್ಷೆ ಇದೆ: 40 ಪದ, ಅದರಲ್ಲಿ 20ಕ್ಕೆ ಅರ್ಥವೇ ಇಲ್ಲ. ಪದವನ್ನು ನೆನಪಿನಿಂದ ಹೇಳುತ್ತಿದೆಯೋ, ಶಬ್ದ ಕೂಡಿಸಿ ಓದುತ್ತಿದೆಯೋ ಎಂದು ನೋಡುವುದಕ್ಕೆ ಹಾಗೆ ಮಾಡುತ್ತಾರೆ. ಚೆನ್ನಾಗಿ ಓದುವ ಮಕ್ಕಳೂ ಇಲ್ಲಿ ಎಡವುವುದುಂಟು, ಗೊತ್ತಿರುವ ಪದಕ್ಕೆ ಎಳೆದುಬಿಡುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಓದಲು ಹೇಳಿ.

ಶಾಲೆಯಿಂದ ಬರುವ ಓದುವ ಪುಸ್ತಕವನ್ನು ದಿನಾ ಹತ್ತು ನಿಮಿಷ ಜೊತೆಗೆ ಕೂತು ಓದಿಸಿ, ಡೈರಿಯಲ್ಲಿ ಒಂದು ಸಾಲು ಬರೆಯಿರಿ. ಟ್ಯೂಷನ್‌ಗಿಂತ ಇದು ಮುಖ್ಯ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಇಂಗ್ಲಿಷ್ ಬರಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ, ದಯವಿಟ್ಟು. ಕನ್ನಡದಲ್ಲಿ ಕತೆ ಹೇಳಲು ಬರುವ ಮಗುವಿಗೆ ಇಂಗ್ಲಿಷಿನಲ್ಲೂ ಕತೆ ಹೇಳಲು ಬರುತ್ತದೆ.

ಲೆಕ್ಕದಲ್ಲಿ ಮೊದಲು ಬ್ಲಾಕುಗಳು, ಚಿತ್ರಗಳು, ಆಮೇಲೆ ಅಂಕಿ. ನಾವು ಕಲಿತ ದಶಕ ತೆಗೆದುಕೊಳ್ಳುವ ವಿಧಾನವನ್ನು ಮುಂಚೆಯೇ ಹೇಳಿಕೊಡಲು ಆತುರ ಬೇಡ, ಶಾಲೆಯಲ್ಲಿ ಹೇಗೆ ಮಾಡಿಸುತ್ತಾರೆಂದು ಟೀಚರನ್ನೇ ಕೇಳಿ. ಆದರೆ ಮಗ್ಗಿಗೆ ಇಲ್ಲೂ ಬೆಲೆ ಇದೆ. ಇಯರ್ ಫೋರ್‌ನಲ್ಲಿ ಕಂಪ್ಯೂಟರ್ ಮೇಲೆ 12ರ ಮಗ್ಗಿವರೆಗೆ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. ಏಳೊಂದ್ಲ ಏಳರಿಂದ ಶುರು ಮಾಡಿದರೆ ಸಮಯ ಸಾಲದು. ಅಲ್ಲಲ್ಲಿಂದ ಆರಿಸಿ ಕೇಳಿ.

ಉಳಿದಂತೆ ವಿಜ್ಞಾನ, ಕಂಪ್ಯೂಟಿಂಗ್, ಇಯರ್ ತ್ರೀಯಿಂದ ಇನ್ನೊಂದು ಭಾಷೆ, 1666ರ ಲಂಡನ್ ಬೆಂಕಿ, ರೋಮನ್ನರು, ವೈಕಿಂಗರು. ಈಜು ಕೂಡ ಪಠ್ಯದ ಭಾಗ. ಪ್ರೈಮರಿ ಮುಗಿಯುವುದರೊಳಗೆ 25 ಮೀಟರ್ ಈಜಲು ಬರಬೇಕು. ಚಳಿ ಎಂದು ತಪ್ಪಿಸಬೇಡಿ. ಧರ್ಮಗಳ ಬಗ್ಗೆಯೂ ಪಾಠ ಇರುತ್ತದೆ. ದೀಪಾವಳಿ ಹೊತ್ತಿಗೆ ಪೋಷಕರನ್ನು ಕರೆದರೆ ಹೋಗಿ ಬನ್ನಿ, ಮಗುವಿಗೆ ತುಂಬಾ ಖುಷಿಯಾಗುತ್ತದೆ.

ಇಯರ್ ಸಿಕ್ಸ್‌ನ ಮೇ ತಿಂಗಳಲ್ಲಿ ಸ್ಯಾಟ್ಸ್ ಪರೀಕ್ಷೆ: ಓದು, ವ್ಯಾಕರಣ ಮತ್ತು ಸ್ಪೆಲಿಂಗ್, ಲೆಕ್ಕ. ಬಂದ ಅಂಕವನ್ನು ಒಂದು ಅಳತೆಗೆ ಹೊಂದಿಸುತ್ತಾರೆ, ಅದರಲ್ಲಿ 100 ಬಂದರೆ (ನೂರಕ್ಕೆ ನೂರು ಎಂದಲ್ಲ) ನಿರೀಕ್ಷಿತ ಮಟ್ಟ ಮುಟ್ಟಿದ ಹಾಗೆ. ಸೆಕೆಂಡರಿ ಸೀಟು ಅಷ್ಟರಲ್ಲಿ ಸಿಕ್ಕಿರುತ್ತದೆ, ಅದರ ಅರ್ಜಿಗೆ ಕೊನೆಯ ದಿನ ಹಿಂದಿನ ಅಕ್ಟೋಬರ್ 31. ಕೆಂಟ್‌ನಂಥ ಕಡೆ ಗ್ರಾಮರ್ ಸ್ಕೂಲ್ (ಪರೀಕ್ಷೆ ಇಟ್ಟು ಆರಿಸಿಕೊಳ್ಳುವ ಸರ್ಕಾರಿ ಸೆಕೆಂಡರಿ ಶಾಲೆ) ಬೇಕೆಂದರೆ ಅದರ ಪರೀಕ್ಷೆಯೇ ಬೇರೆ, ಇಯರ್ ಫೈವ್‌ನ ಬೇಸಿಗೆಯಲ್ಲೇ ಹೆಸರು ಕೊಟ್ಟಿರಬೇಕು.