ಅಮ್ಮನ ಜನನ ಪ್ರಮಾಣಪತ್ರವಿಲ್ಲದೆ ಅಮೆರಿಕದ ಗ್ರೀನ್ ಕಾರ್ಡ್: ನನ್ನ ಅನುಭವ
ಅಪ್ಪ, ಅಮ್ಮನಿಗೆ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿ) ಬೇಕಾದರೆ ಮಕ್ಕಳು ಮೊದಲು ಹಾಕಬೇಕಾದದ್ದು ಐ-130 ಎಂಬ ಅರ್ಜಿ; ಇಬ್ಬರಿಗೂ ಬೇರೆ ಬೇರೆ. ಹಾಕುವ ಮಗ ಅಥವಾ ಮಗಳು ಅಮೆರಿಕದ ಪ್ರಜೆಯಾಗಿದ್ದು, 21 ತುಂಬಿರಬೇಕು. ಅಷ್ಟು ಸಲೀಸು. ನಮ್ಮ ಕಡತ ನಿಂತದ್ದು ಅಮ್ಮನ ಜನನ ಪ್ರಮಾಣಪತ್ರಕ್ಕೆ. ಹಳ್ಳಿಯಲ್ಲಿ, ಮನೆಯಲ್ಲೇ ಹೆರಿಗೆಯಾದ ಆ ಕಾಲದ ಎಷ್ಟೋ ಜನರಿಗೆ ಅದು ಇರುವುದೇ ಇಲ್ಲ, ಪಾಪ. ಬರೀ ನೋಟರಿ ಅಫಿಡವಿಟ್ ಸಾಲದು. ಮೊದಲು ಹುಟ್ಟಿದೂರಿನ ಜನನ-ಮರಣ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲವೆಂಬ ಪತ್ರ ಬೇಕು. ಅದರ ಜೊತೆ ಶಾಲೆಯ ಟಿಸಿ, ವಯಸ್ಸಿನಲ್ಲಿ ಹಿರಿಯರಾದ ಸೋದರಮಾವನ ಅಫಿಡವಿಟ್ ಇಟ್ಟೆವು. ಆ ಅಫಿಡವಿಟ್‌ನಲ್ಲಿ ಅಮ್ಮ ಹುಟ್ಟಿದ ದಿನ, ಊರು, ತಂದೆ-ತಾಯಿ ಹೆಸರಷ್ಟೇ ಅಲ್ಲ, ಇದೆಲ್ಲ ತನಗೆ ಹೇಗೆ ಗೊತ್ತೆಂಬುದೂ ಇರಲೇಬೇಕು. ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ, ಅನುವಾದಕರ ಸಹಿ ಮಾಡಿದ ದೃಢೀಕರಣ. ಟಿಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ಣ ಹೆಸರು ಇದ್ದರೆ, ಎರಡೂ ಒಬ್ಬರದೇ ಎಂಬ ಅಫಿಡವಿಟ್ಟನ್ನೂ ಆಗಲೇ ಸೇರಿಸಿಬಿಡಿ.