ಗ್ಯಾಸ್ ಹೀಟರ್ ಹಚ್ಚುವ ಮೊದಲು ಗಾಳಿಗೆ ದಾರಿ ಮಾಡಿ

ಚಳಿಗಾಲದಲ್ಲಿ ಕಟ್ಟಡದ ಕೆಲಸ ನಡೆಯುವ ಕಡೆ ನಾನು ಮತ್ತೆ ಮತ್ತೆ ನೋಡುವ ತಪ್ಪು ಒಂದೇ. ಗ್ಯಾಸ್ ಹೀಟರ್ ತರುತ್ತಾರೆ, ಸಿಲಿಂಡರ್ ಜೋಡಿಸುತ್ತಾರೆ, ಬಿಸಿ ಹೊರಗೆ ಹೋಗಬಾರದು ಅಂತ ಕಿಟಕಿ ಬಾಗಿಲಿಗೆಲ್ಲ ಟಾರ್ಪಾಲ್ ಬಿಗಿದುಬಿಡುತ್ತಾರೆ. ಸಿಲಿಂಡರ್ ಸಿಡಿದೀತು ಎಂಬ ಭಯ ಎಲ್ಲರಿಗೂ ಇದೆ. ಮುಚ್ಚಿದ ಕೋಣೆಯ ಭಯ ಯಾರಿಗೂ ಇಲ್ಲ.

ಮೊದಲು ಹೀಟರ್ ನೋಡಿ. ಬೆಂಕಿ ಆರಿದರೆ ತಾನಾಗಿಯೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಅದರಲ್ಲಿ ಇರಲೇಬೇಕು. ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ. ಚಳಿ ಜಾಸ್ತಿ ಇರುವ ಕಡೆ ಪ್ರೊಪೇನ್ ಸಿಲಿಂಡರನ್ನೇ ತನ್ನಿ, ಆದರೆ ಹೀಟರ್ ಮತ್ತು ರೆಗ್ಯುಲೇಟರ್ ಆ ಗ್ಯಾಸಿಗೆ ಮಾಡಿದ್ದೇ ಆಗಿರಬೇಕು. ಸಿಲಿಂಡರಿನಲ್ಲಿ ಬರುವ ಇನ್ನೊಂದು ಗ್ಯಾಸ್ ಬ್ಯೂಟೇನ್, ಅದು ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತದೆ.

ಇನ್ನು ಜಾಗ. ಸಿಲಿಂಡರ್ ಸಮ ನೆಲದ ಮೇಲೆ ನೇರವಾಗಿ ನಿಂತಿರಬೇಕು. ಮಲಗಿಸಿದರೆ ಗ್ಯಾಸಿನ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ. ಹೀಟರಿಗೂ ಸಿಲಿಂಡರಿಗೂ ಕಡಿಮೆ ಎಂದರೂ 2 ಮೀಟರ್ ಅಂತರ ಇರಲಿ, ಹೀಟರಿನ ಮುಖ ಆ ಕಡೆ ತಿರುಗಿರಬಾರದು. ಥಿನ್ನರ್, ಪೇಂಟ್, ಮರದ ಹೊಟ್ಟು, ಫೋಮ್ ಹಾಳೆ, ಗಾಳಿಗೆ ಹಾರಾಡುವ ಟಾರ್ಪಾಲ್ ಯಾವುದೂ ಹತ್ತಿರ ಸುಳಿಯಬಾರದು. ನೆಲಮಾಳಿಗೆ, ಗುಂಡಿ, ಚರಂಡಿಯ ಬಾಯಿ ಇರುವ ಕಡೆ ಸಿಲಿಂಡರ್ ಇಡಲೇಬೇಡಿ. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೀರಿನ ಹಾಗೆ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ.

ಪೈಪನ್ನು ಕೈಯಲ್ಲಿ ಬಾಗಿಸಿ ನೋಡಿ. ಬಾಗಿದ ಕಡೆ ಸಣ್ಣ ಸಣ್ಣ ಬಿರುಕು ಕಂಡರೆ ಎಸೆಯಿರಿ, ಟೇಪ್ ಸುತ್ತಬೇಡಿ. ಜೋಡಿಸಿದ ಮೇಲೆ ಸೋಪಿನ ನೀರು ಕಲಸಿ, ಹಳೆ ಬ್ರಶ್ಶಿನಿಂದ ಪ್ರತಿ ಜೋಡಣೆಗೂ ಹಚ್ಚಿ, ಹೀಟರಿನ ನಾಬ್ ಮುಚ್ಚಿಟ್ಟು ಸಿಲಿಂಡರ್ ವಾಲ್ವ್ ನಿಧಾನಕ್ಕೆ ತೆರೆಯಿರಿ. ಅರ್ಧ ನಿಮಿಷ ಕಣ್ಣು ಅಲ್ಲೇ ಇರಲಿ. ದೊಡ್ಡ ಸೋರಿಕೆಯಾದರೆ ನೊರೆ ತಕ್ಷಣ ಉಬ್ಬುತ್ತದೆ. ಸಣ್ಣದಾದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೊಂದಾಗಿ ಎದ್ದು ಅಂಚಿನಲ್ಲಿ ಸಾಲುಗಟ್ಟುತ್ತವೆ. ಅದೂ ಸೋರಿಕೆಯೇ. ಒಳಗಿನ ವಾಷರ್ ಬದಲಿಸಿ ಮತ್ತೆ ಹಚ್ಚಿ ನೋಡಿ. ಬೆಂಕಿಕಡ್ಡಿ ಹಿಡಿದು ಪರೀಕ್ಷೆ ಮಾಡುವವರನ್ನು ಅಲ್ಲಿಂದ ದೂರ ಕಳಿಸಿ.

ಈಗ ಗಾಳಿಯ ವಿಷಯ. ಇದನ್ನು ಸಾವಕಾಶವಾಗಿ ಓದಿ.

15 ಕಿಲೋವ್ಯಾಟಿನ ಹೀಟರ್ ಗಂಟೆಗೆ 1 ಕಿಲೋಗಿಂತ ಸ್ವಲ್ಪ ಜಾಸ್ತಿ ಗ್ಯಾಸ್ ಉರಿಸುತ್ತದೆ. ಅಷ್ಟು ಉರಿಯಲು ಬೇಕಾದ ಗಾಳಿ ಸುಮಾರು 13 ಘನ ಮೀಟರ್. 2 ಮೀಟರ್ ಉದ್ದ, 2 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ಇರುವ ಗಾಳಿ ಅಷ್ಟೂ ಇಲ್ಲ! ಗಾಳಿ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ಬಂದು ಕೂರುತ್ತದೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಒಮ್ಮೆ ಗೋಡೆಗೆ ಪುಟ್ಟಿ ಹಚ್ಚುತ್ತಿದ್ದ ಕೋಣೆಗೆ ಹೋಗಿದ್ದೆ. ಬಾಗಿಲಿಗೆ ಎರಡು ಪದರ ಟಾರ್ಪಾಲ್. ಒಳಗೆ ಜ್ವಾಲೆ ಹಳದಿಯಾಗಿ ನಾಲಿಗೆ ಚಾಚಿತ್ತು. ಹುಡುಗನೊಬ್ಬ ಬಕೆಟ್ ಬೋರಲು ಹಾಕಿ ಕೂತು ಹಣೆ ಒತ್ತಿಕೊಳ್ಳುತ್ತಿದ್ದ. ‘ಬೆಳಗ್ಗೆ ಏನೂ ತಿಂದಿಲ್ಲ ಸಾರ್, ಅದಕ್ಕೇ ತಲೆನೋವು’ ಅಂದ. ಪಕ್ಕದವನಿಗೂ ತಲೆನೋವಿತ್ತು. ಅವನು ಹೊಟ್ಟೆ ತುಂಬ ತಿಂದು ಬಂದಿದ್ದ. ಇಬ್ಬರನ್ನೂ ಹೊರಗೆ ಕರೆದುಕೊಂಡು ಬಂದೆವು, ಆಮೇಲೆ ಆಸ್ಪತ್ರೆಗೆ ಕಳಿಸಿದೆವು. ಒಂದೇ ಕೋಣೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ಅದು ಹಸಿವಲ್ಲ, ಸುಸ್ತೂ ಅಲ್ಲ.

ಆದ್ದರಿಂದ ಎದುರುಬದುರು ಎರಡು ಕಡೆ ತೆರಪು ಬಿಡಿ. ಒಂದು ನೆಲದ ಮಟ್ಟದಲ್ಲಿ, ಇನ್ನೊಂದು ಚಾವಣಿಯ ಹತ್ತಿರ. ಕೆಳಗಿನಿಂದ ಹೊಸ ಗಾಳಿ ಬರುತ್ತದೆ, ಅಕಸ್ಮಾತ್ ಸೋರಿದ ಗ್ಯಾಸೂ ಅಲ್ಲಿಂದಲೇ ಹೊರಗೆ ಹರಿಯುತ್ತದೆ. ಉರಿದ ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ. ತೆರಪು ಎಷ್ಟು ದೊಡ್ಡದಿರಬೇಕು ಎಂಬುದು ಹೀಟರಿನ ಜತೆ ಬರುವ ಪುಸ್ತಿಕೆಯಲ್ಲಿ ಇರುತ್ತದೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ನಷ್ಟವೇನಿಲ್ಲ, ಸ್ವಲ್ಪ ಬಿಸಿ ಹೋಗುತ್ತದೆ ಅಷ್ಟೇ. ಜತೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಕೆಲಸಗಾರರ ಮೂಗಿನ ಮಟ್ಟಕ್ಕೆ ತೂಗುಹಾಕಿ. ಹೊಗೆ ಅಲಾರಂ ಈ ಕೆಲಸಕ್ಕೆ ಬರುವುದಿಲ್ಲ.

ಗಾರೆ ಒಣಗಿಸಲು ಹೀಟರ್ ಇಡುವವರಿಗೂ ಇದೇ ಮಾತು. 1 ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಗೇ ಸೇರುತ್ತದೆ. ಮುಚ್ಚಿಟ್ಟರೆ ಗೋಡೆ ಬೆವರುತ್ತದೆ. ಹೊಸ ಕಾಂಕ್ರೀಟ್ ನೆಲದ ಪಕ್ಕದಲ್ಲಂತೂ ಹೊಗೆಕೊಳವೆ ಇಲ್ಲದ ಹೀಟರ್ ಬೇಡ. ಅದರ ಕಾರ್ಬನ್ ಡೈಆಕ್ಸೈಡಿಗೆ ಹಸಿ ನೆಲದ ಮೇಲ್ಪದರ ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗುತ್ತದೆ.

ಹಚ್ಚುವುದು ಸುಲಭ. ನಾಬ್ ಒತ್ತಿ ಹಚ್ಚಿ, ಹತ್ತಿದ ಮೇಲೂ 20–30 ಸೆಕೆಂಡ್ ಒತ್ತಿಯೇ ಹಿಡಿದಿರಿ. ಹತ್ತದಿದ್ದರೆ ಮುಚ್ಚಿ, 5 ನಿಮಿಷ ಗಾಳಿಯಾಡಲು ಬಿಟ್ಟು ಮತ್ತೆ ಪ್ರಯತ್ನಿಸಿ. ಪದೇ ಪದೇ ಆರುತ್ತದೆ ಅಂತ ನಾಬಿಗೆ ತಂತಿ ಬಿಗಿದದ್ದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಜೀವ ಕಾಯಲು ಇಟ್ಟ ಏಕೈಕ ವಾಲ್ವನ್ನು ನಿಮ್ಮ ಕೈಯಾರೆ ಕೆಡಿಸಿದಂತೆ. ಉರಿಯ ಬಿಸಿಯಿಂದ ಆ ವಾಲ್ವನ್ನು ತೆರೆದಿಡುವ ಕಡ್ಡಿ, ಅಂದರೆ ಥರ್ಮೊಕಪಲ್, ಕೆಟ್ಟಿದ್ದರೆ ಬದಲಿಸಿ, ಮುಗಿಯಿತು.

ಕೆಲಸ ನಡೆಯುವಾಗ ಸಿಲಿಂಡರಿನ ಮೈಮೇಲೆ ಮಂಜು ಕಟ್ಟಿ ಉರಿ ಸಣ್ಣದಾದರೆ ಗಾಬರಿ ಬೇಡ. ದ್ರವ ಆವಿಯಾಗುವಾಗ ಶಾಖವನ್ನು ಸಿಲಿಂಡರಿನಿಂದಲೇ ಎಳೆದುಕೊಳ್ಳುತ್ತದೆ. ಹೀಟರಿಗೆ ಆ ಸಿಲಿಂಡರ್ ಚಿಕ್ಕದಾಯಿತು ಎಂದರ್ಥ. ದೊಡ್ಡದನ್ನು ತನ್ನಿ. ಬಿಸಿನೀರು, ಬೆಂಕಿ ಯಾವುದರಿಂದಲೂ ಅದನ್ನು ಕಾಯಿಸಬೇಡಿ.

ನಿಲ್ಲಿಸುವಾಗ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ಮುಗಿಯಲಿ, ಆಮೇಲೆ ನಾಬ್. ರಾತ್ರಿ ಕಾವಲಿಗೆ ಇರುವವರು ಹೀಟರ್ ಹಚ್ಚಿಕೊಂಡು ಮಲಗುವಂತಿಲ್ಲ. ಅವರಿಗೆ ಇನ್ನೆರಡು ದಪ್ಪ ಕಂಬಳಿ ಕೊಡಿಸಿ, ಸಿಲಿಂಡರನ್ನು ಸಂಜೆಯೇ ಬಯಲಿಗೆ ಸಾಗಿಸಿ.